ಲೋವರಿಂಗ್ ಸ್ಪ್ರಿಂಗೋ, ಕಾಯಿಲೋವರೋ? ಬಿಎಂಡಬ್ಲ್ಯು 3 ಸೀರೀಸ್ ಕೆಳಗಿಳಿಸುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳಿಗೆ ಆಧಾರವಾಗಿ ಇಟ್ಟುಕೊಂಡಿರುವುದು ಎಫ್30 ತಲೆಮಾರಿನ 3 ಸೀರೀಸ್. ನಮ್ಮಲ್ಲಿ 2012ರಿಂದ 2019ರವರೆಗೆ ಮಾರಾಟವಾದ ಗಾಡಿ ಇದು. ಸೆಕೆಂಡ್ ಹ್ಯಾಂಡ್ ಆಗಿ ಈಗ ಅನೇಕರ ಕೈಗೆ ಬಂದಿದೆ. ಮರ್ಸಿಡಿಸ್ ಸಿ ಕ್ಲಾಸ್, ಆಡಿ ಎ4 ಇಟ್ಟುಕೊಂಡವರಿಗೂ ತತ್ವ ಒಂದೇ, ಬೋಲ್ಟು ಬ್ರಾಕೆಟ್ಟುಗಳ ಜಾಗ ಮಾತ್ರ ಬೇರೆ.

ಎರಡರ ನಡುವೆ ನಿಜವಾದ ವ್ಯತ್ಯಾಸ ಏನು?

ಲೋವರಿಂಗ್ ಸ್ಪ್ರಿಂಗ್ ಎಂದರೆ ಕಂಪನಿ ಸ್ಪ್ರಿಂಗಿನ ಜಾಗಕ್ಕೆ ಕೂರುವ, ಅದಕ್ಕಿಂತ ಗಿಡ್ಡ ಮತ್ತು ತುಸು ಗಟ್ಟಿ ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಹಳೆಯದೇ ಉಳಿಯುತ್ತದೆ. ಗಾಡಿ ಎಷ್ಟು ಇಳಿಯಬೇಕೆಂದು ಸ್ಪ್ರಿಂಗ್ ತಯಾರಿಸಿದವರೇ ನಿರ್ಧರಿಸಿಬಿಟ್ಟಿರುತ್ತಾರೆ, ಆಮೇಲೆ ನೀವು ಬದಲಿಸಲಾಗದು. ಐಬಾಕ್ ಪ್ರೊ-ಕಿಟ್ ಬಗೆಯವು ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇಳಿಸುತ್ತವೆ, ಎಚ್‌ಆಂಡ್‌ಆರ್ ಸ್ಪೋರ್ಟ್ ಬಗೆಯವು ಇನ್ನೂ ಸ್ವಲ್ಪ ಹೆಚ್ಚು.

ಕಾಯಿಲೋವರ್ ಕಿಟ್‌ನಲ್ಲಿ ಸ್ಪ್ರಿಂಗೂ ಶಾಕೂ ಎರಡೂ ಹೊಸವು, ಒಂದಕ್ಕೊಂದು ಹೊಂದಿಸಿ ಮಾಡಿದವು. ಶಾಕಿನ ಮೈಮೇಲೆ ಮರೆ (ಬೋಲ್ಟಿನಲ್ಲಿರುವಂಥ ಸುರುಳಿ ಗೀರು) ಇರುತ್ತದೆ, ಸ್ಪ್ರಿಂಗ್ ಕೂರುವ ಕಾಲರನ್ನು ಅದರ ಮೇಲೆ ತಿರುಗಿಸಿ ಎತ್ತರ ಹೊಂದಿಸಬಹುದು. ಒಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ: ಎಫ್30ಯ ಹಿಂಬದಿಯಲ್ಲಿ ಸ್ಪ್ರಿಂಗ್ ಬೇರೆ ಕಡೆ, ಶಾಕ್ ಬೇರೆ ಕಡೆ ಕೂರುತ್ತವೆ. ಹಾಗಾಗಿ ‘ಕಾಯಿಲೋವರ್’ ಎಂದು ಮಾರುವ ಕಿಟ್ ನಿಜಾರ್ಥದಲ್ಲಿ ಕಾಯಿಲೋವರ್ ಆಗಿರುವುದು ಸ್ಪ್ರಿಂಗೂ ಶಾಕೂ ಒಂದಾಗಿ ಕೂರುವ ಮುಂದಿನ ಎರಡು ಸ್ಟ್ರಟ್‌ಗಳಲ್ಲಿ ಮಾತ್ರ. ಹಿಂದೆ ಎತ್ತರ ಹೊಂದಿಸುವ ಮರೆಯ ತುಂಡು ಸ್ಪ್ರಿಂಗಿನ ಜೊತೆ ಬರುತ್ತದೆ, ಶಾಕ್ ಪ್ರತ್ಯೇಕ. ಡಬ್ಬ ತೆರೆದಾಗ ಹಿಂದಿನದು ಹಾಗೆ ಕಂಡರೆ ತಪ್ಪು ಮಾಲು ಬಂದಿದೆ ಎಂದು ವಾಪಸ್ ಕಳಿಸಬೇಡಿ.

ಬರೀ ಸ್ಪ್ರಿಂಗ್ ಹಾಕಿಸಿದರೆ ಶಾಕ್ ಬೇಗ ಹಾಳಾಗುತ್ತದೆ ಅನ್ನುತ್ತಾರೆ. ನಿಜವೇ?

ನಿಜ. ಕಾರಣ ಟ್ರಾವೆಲ್, ಅಂದರೆ ಚಕ್ರ ಮೇಲಕ್ಕೆ ಬಂದಾಗ ಶಾಕಿನ ರಾಡ್ ಒಳಗೆ ಹೋಗಲು ಉಳಿದಿರುವ ಜಾಗ. ಈ ಇಡೀ ಪುಟದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಕಂಪನಿ ಎತ್ತರದಲ್ಲಿ ನಿಂತಾಗ ಬಂಪ್ ಸ್ಟಾಪ್ (ರಾಡ್ ತೀರಾ ಒಳಗೆ ಹೋಗದಂತೆ ತಡೆಯುವ ರಬ್ಬರಿನಂಥ ತುಂಡು) ಮುಟ್ಟುವವರೆಗೆ 80 ಮಿ.ಮೀ. ಜಾಗವಿದೆ ಎಂದಿಟ್ಟುಕೊಳ್ಳಿ. ಗಾಡಿಯನ್ನು 30 ಮಿ.ಮೀ. ಇಳಿಸಿದರೆ ಉಳಿಯುವುದು 50. ಸ್ಪ್ರಿಂಗ್ ಹೀರಿಕೊಳ್ಳುವ ಶಕ್ತಿ ಅದು ಕುಗ್ಗುವ ದೂರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಅದೇ ಗುಂಡಿಯ ಏಟನ್ನು 80ರ ಬದಲು 50 ಮಿ.ಮೀ.ನಲ್ಲೇ ಹೀರಬೇಕಾದರೆ ಸ್ಪ್ರಿಂಗ್ ಎರಡೂವರೆ ಪಟ್ಟು ಗಟ್ಟಿ ಇರಬೇಕು. ಅಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿಯಲ್ಲಿ ಕೂರಲಾಗದು. ಆದ್ದರಿಂದ ತಯಾರಕರು ಸ್ಪ್ರಿಂಗನ್ನು ತುಸುವೇ ಗಟ್ಟಿ ಮಾಡಿ, ಉಳಿದ ಏಟನ್ನು ಬಂಪ್ ಸ್ಟಾಪಿಗೆ ಬಿಡುತ್ತಾರೆ. ಗುಂಡಿಗೆ ಬಿದ್ದಾಗ ‘ಧಡ್’ ಎಂದು ಬೆನ್ನಿಗೆ ಬಡಿಯುವುದು ಈ ಬಂಪ್ ಸ್ಟಾಪೇ. ಬಹಳ ಜನ ಅದನ್ನು ಸ್ಪ್ರಿಂಗ್ ಗಟ್ಟಿ ಎಂದುಕೊಳ್ಳುತ್ತಾರೆ.

ಇನ್ನೊಂದು ಕಡೆ, ಗಟ್ಟಿ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಲು ಶಾಕಿಗೆ ಹೆಚ್ಚು ಬಲ ಬೇಕು. ಸ್ಪ್ರಿಂಗ್ ಕಾಲು ಭಾಗ ಗಟ್ಟಿಯಾದರೆ ಶಾಕ್ ಸುಮಾರು ಶೇ. 12ರಷ್ಟು ಗಟ್ಟಿಯಾಗಬೇಕು. ಹೊಸ ಶಾಕ್ ಇದನ್ನು ತಾಳಿಕೊಳ್ಳುತ್ತದೆ. 70,000 ಕಿ.ಮೀ. ಓಡಿದ ಶಾಕ್ ತನ್ನ ಮೂಲ ಬಲವನ್ನೇ ಕಳೆದುಕೊಂಡಿರುತ್ತದೆ. ಅದರ ಮೇಲೆ ಹೊಸ ಸ್ಪ್ರಿಂಗ್ ಹಾಕಿದರೆ ಹೈವೇಯ ಅಲೆಗಳ ಮೇಲೆ ಗಾಡಿ ತೊಟ್ಟಿಲಿನಂತೆ ತೂಗುತ್ತದೆ, ಕೆಲವು ತಿಂಗಳಲ್ಲಿ ಸೀಲಿನಿಂದ ಎಣ್ಣೆ ಒಸರತೊಡಗುತ್ತದೆ. ಆಗ ಶಾಕ್ ಬದಲಿಸಲು ಅದೇ ಸ್ಟ್ರಟ್ಟನ್ನು ಮತ್ತೆ ಬಿಚ್ಚಬೇಕು, ಕೂಲಿ ಎರಡು ಸಲ, ಅಲೈನ್‌ಮೆಂಟ್ ಎರಡು ಸಲ. ಅಗ್ಗ ಎಂದು ಆರಿಸಿಕೊಂಡದ್ದು ದುಬಾರಿಯಾಗುವುದು ಹೀಗೆ.

ಹಾಗಾದರೆ ಇವೆರಡೇ ದಾರಿಗಳೇ?

ಅಲ್ಲ. ನಡುವೆ ಒಂದು ದಾರಿ ಇದೆ, ನಮ್ಮ ರಸ್ತೆಗೆ ಬಹುಪಾಲು ಜನರಿಗೆ ಸರಿ ಹೊಂದುವುದು ಅದೇ. ಸ್ಪ್ರಿಂಗ್ ಜೊತೆಗೆ ಅದಕ್ಕೆಂದೇ ಗಿಡ್ಡ ಮಾಡಿದ ಶಾಕ್. ಬಿಲ್‌ಸ್ಟೀನ್ ಬಿ8 ಹೀಗೆ ಇಳಿಸಿದ ಗಾಡಿಗೆ ಮಾಡಿದ್ದು. ಬಿ8 ಮತ್ತು ಐಬಾಕ್ ಪ್ರೊ-ಕಿಟ್ ಸೇರಿಸಿ ಬಿ12 ಎಂಬ ಹೆಸರಿನಲ್ಲಿ ಒಂದೇ ಡಬ್ಬದಲ್ಲಿ ಮಾರುತ್ತಾರೆ. ಬಿ6 ಕಂಪನಿ ಎತ್ತರದ ಗಾಡಿಗೆ, ಅದನ್ನು ಲೋವರಿಂಗ್ ಸ್ಪ್ರಿಂಗ್ ಜೊತೆ ಕೂಡಿಸಬೇಡಿ. ಎತ್ತರವನ್ನು ಒಮ್ಮೆ ಹೊಂದಿಸಿ ಮತ್ತೆಂದೂ ಮುಟ್ಟದವರಿಗೆ ಕಾಯಿಲೋವರಿನ ಮರೆ ಸುಮ್ಮನೆ ಧೂಳು ಹಿಡಿಯುವ ಜಾಗ, ಅಂಥವರಿಗೆ ಈ ಜೋಡಿಯೇ ಸಾಕು.

ಕಾಯಿಲೋವರ್ ಯಾರಿಗೆ ಬೇಕು?

ನಿಮ್ಮ ಗಾಡಿ ಯಾವ ಎತ್ತರಕ್ಕೆ ಕೂರಬೇಕೆಂದು ಮಿ.ಮೀ. ಲೆಕ್ಕದಲ್ಲಿ ತೀರ್ಮಾನಿಸಬೇಕಾದವರಿಗೆ. ಅಗಲ ಟೈರು ಹಾಕಿಸಿ ಫೆಂಡರಿಗೆ ತಾಗದಂತೆ ಹೊಂದಿಸಬೇಕಾದವರಿಗೆ. ವರ್ಷದಲ್ಲಿ ಕೆಲವು ಸಲ ಚೆನ್ನೈ ಅಥವಾ ಕೊಯಮತ್ತೂರಿನ ಟ್ರ್ಯಾಕಿಗೆ ಗಾಡಿ ಒಯ್ಯುವವರಿಗೆ. ಮುಂದೆ ಹಿಂದೆ ಎತ್ತರ ಸಮವಾಗಿ ಕಾಣದೆ ಮನಸ್ಸಿಗೆ ಕಿರಿಕಿರಿಯಾಗುವವರಿಗೂ ಹೌದು, ಅದು ಸಣ್ಣ ಕಾರಣವೇನಲ್ಲ.

ಆದರೆ ‘ಕಾಯಿಲೋವರ್ ಹಾಕಿಸಿ ಕಂಪನಿ ಎತ್ತರದಲ್ಲೇ ಇಟ್ಟುಕೊಳ್ಳುತ್ತೇನೆ’ ಎನ್ನುವವರು ಕಿಟ್‌ನ ವಿವರಪಟ್ಟಿಯನ್ನು ಮೊದಲು ಓದಬೇಕು. ರಸ್ತೆ ಗಾಡಿಗಳಿಗಾಗಿ ಮಾಡಿದ ಅನೇಕ ಕಿಟ್‌ಗಳ ಅತಿ ಎತ್ತರದ ಹೊಂದಾಣಿಕೆಯೇ ಕಂಪನಿಗಿಂತ 25–30 ಮಿ.ಮೀ. ಕೆಳಗೆ ಇರುತ್ತದೆ. ಬಿಲ್‌ಸ್ಟೀನ್ ಬಿ14 ಸಾಮಾನ್ಯವಾಗಿ 30ರಿಂದ 50 ಮಿ.ಮೀ. ಇಳಿಸುವ ವ್ಯಾಪ್ತಿಯದು. ನಮ್ಮ ಸಲಹೆ: ಕಾಯಿಲೋವರ್ ಕೊಂಡರೂ ಆ ವ್ಯಾಪ್ತಿಯ ಮೇಲಿನ ತುದಿಯಲ್ಲೇ ಇಡಿ. ಫೋಟೋದಲ್ಲಿ ಚೆಂದ ಕಾಣಲೆಂದು ಕೆಳಗಿನ ತುದಿಗೆ ತಿರುಗಿಸಿದರೆ, ದುಡ್ಡು ಕೊಟ್ಟು ಕೊಂಡ ಒಳ್ಳೆಯ ಶಾಕ್ ದಿನವಿಡೀ ಬಂಪ್ ಸ್ಟಾಪಿನ ಮೇಲೆ ಕೂತಿರುತ್ತದೆ.

ಕೆಡಬ್ಲ್ಯು ವಿ1, ವಿ2, ವಿ3 ಎಂದರೆ ಏನು? ಯಾವುದು ತೆಗೆದುಕೊಳ್ಳಲಿ?

ಇವು ಕೆಡಬ್ಲ್ಯು ಎಂಬ ಬ್ರಾಂಡಿನ ಕಾಯಿಲೋವರ್ ಕಿಟ್‌ಗಳು. ವಿ1ರಲ್ಲಿ ಎತ್ತರ ಮಾತ್ರ ಹೊಂದಿಸಬಹುದು, ಶಾಕಿನ ಬಿಗಿ ಕಾರ್ಖಾನೆಯಲ್ಲೇ ನಿಗದಿ. ವಿ2ರಲ್ಲಿ ರಿಬೌಂಡ್, ಅಂದರೆ ಕುಗ್ಗಿದ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳುವ ವೇಗವನ್ನು ಹೊಂದಿಸಬಹುದು. ವಿ3ರಲ್ಲಿ ರಿಬೌಂಡೂ ಕಂಪ್ರೆಶನ್ನೂ (ಸ್ಪ್ರಿಂಗ್ ಕುಗ್ಗುವ ವೇಗ) ಬೇರೆ ಬೇರೆಯಾಗಿ. ದಿನಬಳಕೆಗೆ ವಿ1 ಅಥವಾ ಬಿ14 ಸಾಕು. ಹೊಂದಿಸುವ ಗುಂಡಿ ಇದೆ ಎಂಬ ಒಂದೇ ಕಾರಣಕ್ಕೆ ವಿ3 ಕೊಳ್ಳಬೇಡಿ, ತಪ್ಪಾಗಿ ಹೊಂದಿಸಿದ ವಿ3ಗಿಂತ ಮುಟ್ಟದ ವಿ1 ಎಷ್ಟೋ ಹಿತವಾಗಿ ಓಡುತ್ತದೆ.

ಹೊಂದಿಸುವ ಕಿಟ್ ಇದ್ದರೆ ಕ್ರಮ ಇಷ್ಟು. ತಯಾರಕರು ಹೇಳಿದ ಮೂಲ ಸ್ಥಾನಕ್ಕೆ ನಾಲ್ಕನ್ನೂ ತನ್ನಿ, ಎಷ್ಟು ಕ್ಲಿಕ್ ಎಂದು ಬರೆದಿಡಿ. ದಿನವೂ ಓಡಾಡುವ ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಉಬ್ಬು ದಾಟಿದ ಮೇಲೆ ಮೈ ಒಂದಕ್ಕಿಂತ ಹೆಚ್ಚು ಸಲ ತೂಗಿದರೆ ರಿಬೌಂಡ್ ಎರಡು ಕ್ಲಿಕ್ ಬಿಗಿ ಮಾಡಿ. ಸಾಲು ಸಾಲು ಸಣ್ಣ ಏರುತಗ್ಗುಗಳ ಮೇಲೆ ಗಾಡಿ ಮೆಲ್ಲಗೆ ಕೆಳಕ್ಕೆ ಕುಸಿಯುತ್ತಾ ಗಟ್ಟಿಯಾಗುತ್ತಿದೆ ಅನ್ನಿಸಿದರೆ ರಿಬೌಂಡ್ ಅತಿಯಾಗಿದೆ. ಮುಂದಿನ ಏಟು ಬರುವುದರೊಳಗೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುತ್ತಿಲ್ಲ, ಎರಡು ಕ್ಲಿಕ್ ಸಡಿಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎಡಬಲ ಯಾವಾಗಲೂ ಸಮ.

ಉಬ್ಬುಗಳ ಮೇಲೆ ಹೊಟ್ಟೆ ತಾಗುವುದಿಲ್ಲವೇ?

ಲೆಕ್ಕ ಹಾಕಿ ನೋಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ್ದು. ಎಫ್30ಯ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 2,810 ಮಿ.ಮೀ., ಅಂದರೆ ಉಬ್ಬಿಗಿಂತ ಕಡಿಮೆ. ಗಾಡಿ ಉಬ್ಬಿನ ನಟ್ಟನಡುವೆ ಬಂದಾಗ ನಾಲ್ಕೂ ಚಕ್ರಗಳು ಉಬ್ಬಿನ ಮೇಲೇ ಇರುತ್ತವೆ, ಹೊಟ್ಟೆಯತ್ತ ಎದ್ದು ಬರುವುದು 58 ಮಿ.ಮೀ. ಮಾತ್ರ. 2021ರಲ್ಲಿ ಬಂದ, 2,961 ಮಿ.ಮೀ. ವೀಲ್‌ಬೇಸಿನ ಉದ್ದನೆಯ 3 ಸೀರೀಸ್ ಗ್ರ್ಯಾನ್ ಲಿಮೋಸಿನ್‌ಗೂ ಅದು 65 ಮಿ.ಮೀ. ದಾಟುವುದಿಲ್ಲ. ಇಂಥ ಉಬ್ಬಿನ ಮೇಲೆ 30 ಮಿ.ಮೀ. ಇಳಿಸಿದ ಗಾಡಿಯೂ ನಿಧಾನವಾಗಿ ಹೋದರೆ ನಿರಾತಂಕವಾಗಿ ದಾಟುತ್ತದೆ.

ತೊಂದರೆ ಊರೊಳಗೆ ಜನರೇ ಹಾಕಿಕೊಂಡ, ಒಂದು ಮೀಟರ್ ಅಗಲದ ಕಡಿದಾದ ಡಾಂಬರು ದಿಬ್ಬಗಳದ್ದು. ಅದು ಮುಂದಿನ ಹಿಂದಿನ ಚಕ್ರಗಳ ನಡುವೆ ಪೂರ್ತಿ ನುಸುಳಿಬಿಡುತ್ತದೆ. 15 ಸೆಂ.ಮೀ. ಎತ್ತರವಿದ್ದರೆ 15 ಸೆಂ.ಮೀ.ಯೂ ಹೊಟ್ಟೆಗೇ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸುವುದು ನೆರವಾಗುತ್ತದೆ, ಆದರೆ ದಿನಾ ನಾಲ್ಕು ಕಡೆ ಹಾಗೆ ಮಾಡಬೇಕಾದ ಬಡಾವಣೆಯಲ್ಲಿ ಮನೆಯಿದ್ದರೆ ಗಾಡಿ ಇಳಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ನಿರ್ಧಾರಕ್ಕೆ ಮೊದಲು ಐವರನ್ನು ಕೂರಿಸಿ, ಟ್ಯಾಂಕ್ ತುಂಬಿಸಿ, ಎಂಜಿನ್ ಕೆಳಗಿನ ಕವರಿನಿಂದ ನೆಲಕ್ಕೆ ಎಷ್ಟಿದೆ ಎಂದು ಅಳೆಯಿರಿ. ಅದರಿಂದ ಕಿಟ್‌ನ ಇಳಿಕೆಯನ್ನು ಕಳೆಯಿರಿ. ನಿಮ್ಮ ದಾರಿಯ ಅತಿ ಕೆಟ್ಟ ಉಬ್ಬಿನ ಜೊತೆ ಹೋಲಿಸಬೇಕಾದ ಅಂಕಿ ಅದು.

ಮನೆಮಂದಿಯೆಲ್ಲ ಲಗೇಜು ತುಂಬಿಕೊಂಡು ಊರಿಗೆ ಹೋಗುವಾಗ?

ಹಿಂಬದಿಯೇ ಮೊದಲು ಸೋಲುವುದು. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ 50 ಕೆಜಿ ಸೇರಿದರೆ ಹಿಂದಿನ ಒಂದೊಂದು ಚಕ್ರಕ್ಕೆ ಸುಮಾರು 100 ಕೆಜಿ ಹೆಚ್ಚುವರಿ ಬೀಳುತ್ತದೆ. ಕಂಪನಿ ಸ್ಪ್ರಿಂಗ್ ಇದ್ದರೆ ಅಷ್ಟಕ್ಕೇ ಹಿಂಬದಿ 40 ಮಿ.ಮೀ. ಆಸುಪಾಸು ಕುಸಿಯುತ್ತದೆ. ಮೊದಲೇ 30 ಮಿ.ಮೀ. ಇಳಿಸಿದ್ದರೆ ಒಟ್ಟು 70 ಆಯಿತು. ಸಕಲೇಶಪುರದ ಹತ್ತಿರ ಶಿರಾಡಿ ಘಾಟಿಯ ತಿರುವುಗಳಲ್ಲಿ ಹಿಂದಿನ ಚಕ್ರ ಬಂಪ್ ಸ್ಟಾಪಿನ ಮೇಲೇ ಓಡುತ್ತಿರುತ್ತದೆ. ತುಂಬಿದ ಗಾಡಿ ಓಡಿಸುವುದು ಹೆಚ್ಚಾದರೆ ಹಿಂದೆ 15–20 ಮಿ.ಮೀ.ಗಿಂತ ಹೆಚ್ಚು ಇಳಿಸುವ ಕಿಟ್ ಬೇಡ.

ಯಾವ ಕಿಟ್ ತರಿಸಬೇಕೆಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಮಾಡೆಲ್ ಹೆಸರು ಸಾಲದು. ಬಾಗಿಲ ಕಂಬದ ಸ್ಟಿಕರಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ಹೊರಬಹುದಾದ ಗರಿಷ್ಠ ತೂಕ ಇರುತ್ತದೆ, ಕಿಟ್‌ಗಳು ಆ ಅಂಕಿಯ ಮೇಲೆ ವಿಂಗಡವಾಗಿರುತ್ತವೆ. ನಾಲ್ಕು ಸಿಲಿಂಡರ್ ಡೀಸೆಲ್ಲಿನ ಸ್ಪ್ರಿಂಗನ್ನು ಆರು ಸಿಲಿಂಡರಿನ ಭಾರದ ಗಾಡಿಗೆ ಹಾಕಿದರೆ ಮೂಗು ಹೆಚ್ಚು ಬಾಗುತ್ತದೆ. ಎಕ್ಸ್‌ಡ್ರೈವ್ (ನಾಲ್ಕು ಚಕ್ರ ಚಾಲನೆಯ) ಗಾಡಿಯ ಮುಂದಿನ ಸ್ಟ್ರಟ್ ಬೇರೆಯೇ, ಅದು ಹಿಂಬದಿ ಚಾಲನೆಯ ಗಾಡಿಗೆ ಕೂರದು. ಕಾಗದದಲ್ಲಿ ಬರೆದ ಇಳಿಕೆ ಯೂರೋಪಿನ ಸ್ಟ್ಯಾಂಡರ್ಡ್ ಗಾಡಿಯ ಲೆಕ್ಕ. ಅಲ್ಲಿ ಎಂ ಸ್ಪೋರ್ಟ್ ಸಸ್ಪೆನ್ಷನ್ ಇದ್ದರೆ ಆಗಲೇ 10 ಮಿ.ಮೀ. ಕೆಳಗಿರುತ್ತದೆ. ಆದ್ದರಿಂದ ಬೇರೆಯವರ ಗಾಡಿಯ ಫೋಟೋ ನೋಡಿ ಅಂದಾಜಿಸದೆ ನಿಮ್ಮದನ್ನೇ ಅಳೆಯಿರಿ, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ. ನೆಲದಿಂದ ಅಳೆದರೆ ಟೈರ್ ಸವೆತ, ಗಾಳಿ ಎರಡೂ ಲೆಕ್ಕ ಕೆಡಿಸುತ್ತವೆ.

ನನ್ನ ಗಾಡಿಯಲ್ಲಿ ಕಂಫರ್ಟ್, ಸ್ಪೋರ್ಟ್ ಗುಂಡಿ ಇದೆ. ಏನಾದರೂ ತೊಂದರೆಯೇ?

ಮೊದಲು ಆ ಗುಂಡಿ ಶಾಕನ್ನೂ ಬದಲಿಸುತ್ತದೆಯೋ, ಎಂಜಿನ್ ಮತ್ತು ಸ್ಟಿಯರಿಂಗನ್ನು ಮಾತ್ರವೋ ತಿಳಿದುಕೊಳ್ಳಿ. ಸ್ಟ್ರಟ್ಟಿಗೆ ವಯರ್ ಬಂದು ಸೇರಿದ್ದರೆ ಎಲೆಕ್ಟ್ರಾನಿಕ್ ಶಾಕ್ ಇದೆ. ಲೋವರಿಂಗ್ ಸ್ಪ್ರಿಂಗ್ ಹಾಕಿದರೆ ಅವು ಹಾಗೆಯೇ ಉಳಿದು ಕೆಲಸ ಮಾಡುತ್ತವೆ, ಇಂಥ ಗಾಡಿಗೆ ಇದು ಸ್ಪ್ರಿಂಗಿನ ನಿಜವಾದ ಅನುಕೂಲ. ಸಾದಾ ಕಾಯಿಲೋವರ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ. ಅದನ್ನು ಆರಿಸುವ ಮಾಡ್ಯೂಲ್ ಬೇಕು, ಇಲ್ಲವೇ ಕೆಡಬ್ಲ್ಯು ಡಿಡಿಸಿಯಂತೆ ಕಂಪನಿ ವಯರಿಗೇ ಸೇರುವ ಕಿಟ್ ಬೇಕು.

ಏರ್ ಸಸ್ಪೆನ್ಷನ್ ಇರುವ ದೊಡ್ಡ ಮರ್ಸಿಡಿಸ್, ಆಡಿಗಳಿಗೆ ಇವೆರಡೂ ಅಲ್ಲ. ಎತ್ತರದ ಸೆನ್ಸರಿನ ಲಿಂಕ್ ಅಥವಾ ಮಾಡ್ಯೂಲ್ ಮೂಲಕ ಇಳಿಸುತ್ತಾರೆ. ಸಸ್ಪೆನ್ಷನ್ನಿನ ಗಾಳಿಚೀಲ ತೆಗೆದು ಸ್ಪ್ರಿಂಗ್ ಕೂರಿಸುವ ಕೆಲಸಕ್ಕೆ ಕೈ ಹಾಕಬೇಡಿ.

ಹಾಕುವ ಕೆಲಸ ಹೇಗೆ ನಡೆಯುತ್ತದೆ? ಗ್ಯಾರೇಜಿನಲ್ಲಿ ಏನನ್ನು ಗಮನಿಸಬೇಕು?

ಎರಡಕ್ಕೂ ಬೆಳಗಿನಿಂದ ಮಧ್ಯಾಹ್ನದವರೆಗಿನ ಕೆಲಸ, ನಾಲ್ಕರಿಂದ ಆರು ಗಂಟೆ. ಮುಂದೆ ಚಕ್ರ ತೆಗೆದು, ಬ್ರೇಕ್ ಹೋಸ್ ಮತ್ತು ಎಬಿಎಸ್ ವಯರನ್ನು ಬ್ರಾಕೆಟ್ಟಿನಿಂದ ಬಿಡಿಸಿ, ಸ್ಟೆಬಿಲೈಜರ್ ಲಿಂಕ್ ಕಳಚುತ್ತಾರೆ. ಸ್ಟ್ರಟ್ಟಿನ ಬುಡವನ್ನು ಹಬ್ ಕ್ಯಾರಿಯರ್ (ಚಕ್ರದ ಹಬ್ಬನ್ನು ಹೊತ್ತಿರುವ ಲೋಹದ ತುಂಡು) ಒಂದು ಬೋಲ್ಟಿನಿಂದ ಅಪ್ಪಿ ಹಿಡಿದಿರುತ್ತದೆ. ಅದನ್ನು ತೆಗೆದು, ಸೀಳನ್ನು ಅಗಲಿಸುವ ಉಪಕರಣದಿಂದ ತುಸು ತೆರೆದು, ಬಾನೆಟ್ ಕೆಳಗಿನ ಮೂರು ನಟ್ ಬಿಚ್ಚಿದರೆ ಸ್ಟ್ರಟ್ ಕೈಗೆ ಬರುತ್ತದೆ. ಸೀಳಿಗೆ ಉಳಿ ಹಾಕಿ ಸುತ್ತಿಗೆಯಿಂದ ಹೊಡೆಯುವವರ ಕೈಗೆ ಗಾಡಿ ಕೊಡಬೇಡಿ, ಕ್ಯಾರಿಯರ್ ಅಲ್ಯೂಮಿನಿಯಂದು, ಬಿರುಕು ಬಿಟ್ಟರೆ ದೊಡ್ಡ ಖರ್ಚು.

ಬಿಗಿದ ಸ್ಪ್ರಿಂಗಿನಲ್ಲಿ ಕೈ ಮುರಿಯುವಷ್ಟು ಶಕ್ತಿ ಅಡಗಿರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಒಳ್ಳೆಯ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಸಡಿಲಿಸುವಂತಿಲ್ಲ. ಆ ನಟ್ಟಿಗೆ ಇಂಪ್ಯಾಕ್ಟ್ ಗನ್ ಬಳಸಿದರೆ ರಾಡ್ ಒಳಗೆ ಗಿರಗಿರನೆ ತಿರುಗಿ ಸೀಲ್ ಸುಡುತ್ತದೆ. ರಾಡನ್ನು ಅಲೆನ್ ಕೀಲಿಯಿಂದ ಹಿಡಿದು ಕೈಯಲ್ಲೇ ಬಿಗಿಯಬೇಕು. ಮೇಲಿನ ಮೌಂಟ್, ಬಂಪ್ ಸ್ಟಾಪ್, ಧೂಳಿನ ಕವಚ ಹಳೆಯದಾಗಿದ್ದರೆ ಆಗಲೇ ಹೊಸದು ಹಾಕಿಸಿ. ಸ್ಪ್ರಿಂಗಿನ ತುದಿ ತಟ್ಟೆಯ ಗುಣಿಯಲ್ಲೇ ಕೂರಬೇಕು. ಹಿಂದೆ ಶಾಕಿನ ಕೆಳ ಬೋಲ್ಟ್ ತೆಗೆದು, ಚಕ್ರವನ್ನು ಗಾಡಿಗೆ ಜೋಡಿಸುವ ಕೆಳತೋಳನ್ನು ಜಾಕಿನ ಆಸರೆಯಲ್ಲಿ ಇಳಿಸಿದರೆ ಸ್ಪ್ರಿಂಗ್ ಹೊರಬರುತ್ತದೆ.

ಇನ್ನು, ಅತಿ ಹೆಚ್ಚು ಗ್ಯಾರೇಜುಗಳು ತಪ್ಪುವ ಜಾಗ. ತೋಳುಗಳ ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಗಾಡಿ ನೆಲಕ್ಕೆ ಬಂದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಗಾಡಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಒಂದು ವರ್ಷದಲ್ಲಿ ಬುಶ್ ಹರಿಯುತ್ತದೆ. ಕೈಬಿಗಿ ಮಾಡಿ, ಹಬ್ಬಿನ ಕೆಳಗೆ ಜಾಕ್ ಕೊಟ್ಟು ಓಡುವ ಎತ್ತರಕ್ಕೆ ಎತ್ತಿ, ಆಮೇಲೆ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿ ಕೊಡಬೇಕು. ಲಾಕ್ ನಟ್‌ಗಳು ಒಂದೇ ಸಲದ ಬಳಕೆಗೆ, ಹೊಸದು ತರಿಸಿಟ್ಟುಕೊಳ್ಳಿ. ಚಕ್ರದ ಬೋಲ್ಟ್ ಎಫ್30ಗೆ 140 ನ್ಯೂಟನ್ ಮೀಟರ್.

ಕಾಯಿಲೋವರ್ ಆದರೆ ಎಡಬಲ ಮರೆಯ ಉದ್ದವನ್ನು ಸ್ಕೇಲಿನಲ್ಲಿ ಅಳೆದು ಸಮ ಮಾಡಿ, ತಯಾರಕರು ಹಾಕಿದ ಮಿತಿಯ ಗುರುತಿನೊಳಗೇ ಇಡಿ. ಹಿಂಬದಿಯ ಸ್ಪ್ರಿಂಗ್ ತೋಳಿನ ಒಳಭಾಗದಲ್ಲಿ ಕೂರುವುದರಿಂದ ಅಲ್ಲಿ ಕಾಲರನ್ನು 10 ಮಿ.ಮೀ. ತಿರುಗಿಸಿದರೆ ಫೆಂಡರ್ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ ಅಳೆಯಿರಿ.

ಹಾಕಿಸಿದ ಮೇಲೆ ಏನೇನು?

ಅಲೈನ್‌ಮೆಂಟ್ ಅದೇ ದಿನ. ಗಾಡಿ ಇಳಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರ ನೇರಕ್ಕಿಂತ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ. ಟೈರಿನ ಒಳಅಂಚನ್ನು ಬೇಗ ತಿನ್ನುವುದು ವಾಲಿಕೆಗಿಂತ ತಪ್ಪಿದ ಟೋ. ಎಫ್30ಯಲ್ಲಿ ಹಿಂದೆ ಕ್ಯಾಂಬರ್ (ಚಕ್ರದ ವಾಲಿಕೆ), ಟೋ ಎರಡನ್ನೂ ಹೊಂದಿಸಬಹುದು, ಮುಂದೆ ಸುಲಭವಾಗಿ ಸಿಗುವುದು ಟೋ ಮಾತ್ರ. ಸ್ಪ್ರಿಂಗ್ ಮೊದಲ 500–1,000 ಕಿ.ಮೀ.ನಲ್ಲಿ ಇನ್ನೂ ಕೆಲವು ಮಿ.ಮೀ. ಕೂರುತ್ತದೆ, ಆಗ ಬೋಲ್ಟುಗಳ ಬಿಗಿಯನ್ನೂ ಅಲೈನ್‌ಮೆಂಟನ್ನೂ ಮತ್ತೆ ನೋಡಿಸಿ. ಝೆನಾನ್ ಅಥವಾ ಅಡಾಪ್ಟಿವ್ ಹೆಡ್‌ಲೈಟ್ ಇದ್ದರೆ ಎತ್ತರದ ಸೆನ್ಸರಿಗೆ ಹೊಸ ಸೊನ್ನೆ ಕಲಿಸಬೇಕು, ಇಲ್ಲದಿದ್ದರೆ ಬೆಳಕು ತಪ್ಪು ಎತ್ತರಕ್ಕೆ ಬೀಳುತ್ತದೆ.

ರನ್‌ಫ್ಲಾಟ್ ಟೈರು ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು, ಆದರೆ ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವಂತೆ ಮಾಡಿದ ಈ ಟೈರಿನ ಪಕ್ಕದ ಗೋಡೆ ಗಟ್ಟಿ. ‘ಸಸ್ಪೆನ್ಷನ್ ಒರಟು’ ಎಂಬ ದೂರಿನಲ್ಲಿ ಟೈರಿನ ಪಾಲು ದೊಡ್ಡದು. ಸಾದಾ ಟೈರಿಗೆ ಬದಲಿಸಿ ಒಂದು ತಿಂಗಳು ಓಡಿಸಿ, ಆಮೇಲೆ ಸಸ್ಪೆನ್ಷನ್ ತೀರ್ಮಾನಿಸಿ. ಸ್ಟೆಪ್ನಿ ಇಲ್ಲದ ಗಾಡಿಯಾದರೆ ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪ್ ಡಿಕ್ಕಿಯಲ್ಲಿರಲಿ.

ಟಕ್ ಟಕ್ ಸದ್ದು ಬರುತ್ತಿದೆ. ಶಾಕ್ ಹೋಯಿತೇ?

ಹೊಸ ಕಿಟ್ ಆದರೆ ಬಹುತೇಕ ಇಲ್ಲ. ನಿಧಾನವಾಗಿ ಹೋಗುವಾಗ ಸಣ್ಣ ಏರುತಗ್ಗಿಗೆ ಟಕ್ ಎಂದರೆ ಸ್ಟೆಬಿಲೈಜರ್ ಲಿಂಕ್ ಅಥವಾ ಮೇಲಿನ ನಟ್ ಸಡಿಲ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ‘ಟಂಯ್’ ಎಂದು ಸ್ಪ್ರಿಂಗ್ ಜಿಗಿದಂತಾದರೆ ಮೇಲಿನ ಮೌಂಟಿನ ಬೇರಿಂಗ್ ಹಿಡಿದಿದೆ ಅಥವಾ ಸ್ಪ್ರಿಂಗ್ ತುದಿ ಗುಣಿಯಲ್ಲಿ ಕೂತಿಲ್ಲ. ಪೂರ್ತಿ ತಿರುಗಿಸಿ ಉಬ್ಬು ಹತ್ತುವಾಗ ಉಜ್ಜಿದ ಸದ್ದು ಬಂದರೆ ಅದು ಟೈರ್ ಮತ್ತು ಒಳಫೆಂಡರ್.

ಕರಾವಳಿಯಲ್ಲಿ ಕಾಯಿಲೋವರ್ ತುಕ್ಕು ಹಿಡಿಯುವುದೇ?

ಮಂಗಳೂರು, ಉಡುಪಿ, ಕಾರವಾರದಲ್ಲಿ ಹಿಡಿಯುತ್ತದೆ, ಉಪ್ಪುಗಾಳಿಯ ಜೊತೆ ಕೆಂಪುಮಣ್ಣಿನ ರಾಡಿ ಸೇರಿದರೆ ಕಾಲರ್ ಮರೆಗೆ ಕಚ್ಚಿಕೊಂಡು ಮತ್ತೆ ತಿರುಗುವುದೇ ಇಲ್ಲ. ಮಳೆಗಾಲಕ್ಕೆ ಮೊದಲು ಮತ್ತು ಮುಗಿದ ಮೇಲೆ ಮರೆಯನ್ನು ನೀರು, ಮೆತ್ತನೆಯ ಬ್ರಶ್ಶಿನಿಂದ ತೊಳೆದು ಒಣಗಿಸಿ. ಗ್ರೀಸ್ ಮೆತ್ತಬೇಡಿ, ಅದು ಮಣ್ಣನ್ನು ಹಿಡಿದಿಡುತ್ತದೆ. ಕೆಡಬ್ಲ್ಯುನ ಸ್ಟೇನ್‌ಲೆಸ್ ಸ್ಟೀಲ್ ಮೈಯ ಕಿಟ್ ಇಂಥ ಕಡೆ ತನ್ನ ಬೆಲೆಗೆ ತಕ್ಕದ್ದು. ಲೋವರಿಂಗ್ ಸ್ಪ್ರಿಂಗಿಗೆ ಈ ಚಿಂತೆಯೇ ಇಲ್ಲ.

ಕಾನೂನು ಏನು ಹೇಳುತ್ತದೆ? ವಿಮೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ಹೇಳುತ್ತದೆ. ಜರ್ಮನಿಯಿಂದ ಬಂದ ಡಬ್ಬದಲ್ಲಿ ಟ್ಯೂಫ್ (ಅಲ್ಲಿನ ವಾಹನ ಪರೀಕ್ಷಾ ಸಂಸ್ಥೆ) ಪ್ರಮಾಣಪತ್ರ ಇದ್ದರೆ ಅದು ಅಲ್ಲಿನ ರಸ್ತೆಗೆ ಅನ್ವಯ, ಇಲ್ಲಿನ ಆರ್‌ಟಿಒ ಮುಂದೆ ಅದು ಪರವಾನಗಿ ಆಗುವುದಿಲ್ಲ. ಜರ್ಮನಿಯಲ್ಲಿರುವ ಕನ್ನಡಿಗರು ಮಾತ್ರ ಆ ಕಾಗದವನ್ನು ಜೋಪಾನವಾಗಿಡಬೇಕು, ಕಿಟ್ ಹಾಕಿಸಿದ ಮೇಲೆ ಪರೀಕ್ಷಕರಿಂದ ನೋಡಿಸಿ ದಾಖಲೆಗೆ ಸೇರಿಸಬೇಕು. ಇಲ್ಲಿ ಆರ್‌ಟಿಒ ಮತ್ತು ವಿಮಾ ಕಂಪನಿ ಎರಡನ್ನೂ ಮೊದಲೇ ಬರಹದಲ್ಲಿ ಕೇಳಿ. ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ನಂತರದ ಕ್ಲೇಮಿನಲ್ಲಿ ತಕರಾರಿಗೆ ಕಾರಣವಾಗುತ್ತದೆ.

ಹಳೆಯ ಸ್ಪ್ರಿಂಗ್, ಶಾಕ್ ಮಾರಿಬಿಡಲೇ?

ಬೇಡ. ಎಡ ಬಲ ಬರೆದು, ಒಣಗಿದ ಜಾಗದಲ್ಲಿ ಶಾಕನ್ನು ನಿಲ್ಲಿಸಿ ಇಡಿ. ಗಾಡಿ ಮಾರುವಾಗ ಕೊಳ್ಳುವವರು ಕಂಪನಿ ಎತ್ತರವನ್ನೇ ಕೇಳುತ್ತಾರೆ, ಇಳಿಸಿದ್ದು ಮನಸ್ಸಿಗೆ ಒಗ್ಗದಿದ್ದರೆ ನಿಮಗೂ ಅವು ಬೇಕಾಗುತ್ತವೆ. ಮೇಲಿನ ಮೌಂಟನ್ನು ಹೊಸ ಕಿಟ್ಟಿಗೆ ದಾಟಿಸಿದ್ದರೆ ಹಳೆಯ ಸ್ಟ್ರಟ್ಟಿಗೆ ಇನ್ನೊಂದು ಜೊತೆ ಬೇಕಾಗುತ್ತದೆ ಎಂಬುದು ನೆನಪಿರಲಿ.